ಕೆರೆಯ ಮೀನೂ ಊರಿನ ಮಕ್ಕಳೂ: ಕೈಕೆಲಸದಿಂದಲೂ ಕಥೆಯಿಂದಲೂ ಮೀನಿನ ಅಂಗಪರಿಚಯ

ಕರ್ನಾಟಕದ ಬಯಲುಸೀಮೆಯಲ್ಲಿ ಕೆರೆಯೇ ಊರಿನ ಜೀವಾಳವೆಂಬುದು ಸರ್ವವಿದಿತವಾದ ಸಂಗತಿ. ರಾಜ್ಯದಲ್ಲಿ ಚಿಕ್ಕವೂ ದೊಡ್ಡವೂ ಸೇರಿ 36,000ಕ್ಕೂ ಮೇಲ್ಪಟ್ಟು ಕೆರೆಗಳುಂಟು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಇವುಗಳ ವಿಷಯದಲ್ಲಿ ಊರ ಹಿರಿಯರಿಗೂ ಜಮೀನುದಾರರಿಗೂ ಹೊಸದಾಗಿ ಹೇಳಬೇಕಾದುದು ಏನೂ ಇಲ್ಲ. ತೂಬನ್ನು ಎಷ್ಟು ಎತ್ತಿದರೆ ಯಾವ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟುವುದೆಂಬುದನ್ನು ಅವರು ಕಣ್ಣು ಮುಚ್ಚಿ ಹೇಳಬಲ್ಲರು. ಆದರೆ ಅದೇ ನೀರಿನಲ್ಲಿ ಬೆಳೆಯುವ ಎರಡನೆಯ ಬೆಳೆಯಾದ ಮೀನಿನ ವಿಷಯಕ್ಕೆ ಬಂದರೆ, ಗುತ್ತಿಗೆಯ ಹಣವೆಷ್ಟು ಎಂಬುದರ ಹೊರತು ಹೆಚ್ಚಿನ ತಿಳಿವಳಿಕೆಯು ಬಹುಮಂದಿಯಲ್ಲಿ ಕಾಣದು. ಮೀನು ಹೇಗೆ ಉಸಿರಾಡುವುದು, ಯಾವುದು ಯಾವ ಆಳದಲ್ಲಿ ಮೇಯುವುದು, ಅದಕ್ಕೆ ಸಂಕಟವಾದಾಗ ಅದು ತೋರುವ ಗುರುತೇನು ಎಂಬ ಸಂಗತಿಗಳು ಬೆಸ್ತರ ಮನೆಗಳಲ್ಲಿ ಮಾತ್ರ ಉಳಿದುಕೊಂಡಿರುವುವು.

ಈ ಅಜ್ಞಾನದಿಂದಾಗುವ ನಷ್ಟವು ಮೀನಿನ ಬೆಲೆಗಿಂತಲೂ ದೊಡ್ಡದಾಗುವುದುಂಟು. ಬೇಸಿಗೆಯ ಕಡೆಯಲ್ಲಿ, ಕೆರೆಯ ನೀರು ತಗ್ಗಿ ಹಸುರು ಬಣ್ಣಕ್ಕೆ ತಿರುಗಿರುವ ಕಾಲದಲ್ಲಿ, ಮೋಡ ಮುಸುಕಿದ ಒಂದು ಮುಂಜಾನೆ ಮೀನುಗಳು ಹೊಟ್ಟೆ ಮೇಲಾಗಿ ಅಂಚಿನಲ್ಲಿ ತೇಲುತ್ತಿರುವುವು. ಯಾರೋ ವಿಷ ಹಾಕಿದರೆಂಬ ಮಾತು ಹೊತ್ತೇರುವುದರೊಳಗಾಗಿ ಊರೆಲ್ಲ ಹಬ್ಬುವುದು. ಗುತ್ತಿಗೆ ಕೈತಪ್ಪಿದವನ ಮೇಲೆ ಸಂಶಯ. ಹಳೆಯ ಹಗೆಯಿದ್ದ ಕೇರಿಯ ಮೇಲೆ ದೂರು. ಮಾತಿಗೆ ಮಾತು ಬೆಳೆದು ಠಾಣೆಯವರೆಗೂ ನಡೆಯುವ ವ್ಯಾಜ್ಯ. ವಿಷವು ಕೆಲವು ವೇಳೆ ನಿಜವಾಗಿಯೂ ಇದ್ದೀತು. ಆದರೆ ಅನೇಕ ವೇಳೆ ಮೀನುಗಳು ಸತ್ತಿರುವುದು ನೀರಿನಲ್ಲಿ ಪ್ರಾಣವಾಯುವು ಸಾಲದೆ. ಸತ್ತ ಮೀನಿನ ಬಾಯಿ, ಕಿವಿರು, ಗಾತ್ರ, ಜಾತಿ ಇವನ್ನು ನೋಡಬಲ್ಲವನೊಬ್ಬನು ಊರಿನಲ್ಲಿದ್ದರೆ ಜಗಳವು ಹುಟ್ಟುವುದಕ್ಕೆ ಮೊದಲೇ ಅಡಗುವುದು. ಅಂತಹವನನ್ನು ಸಿದ್ಧಪಡಿಸಲು ತಕ್ಕ ಸ್ಥಳವು ಊರಿನ ಶಾಲೆ. ತಕ್ಕ ವಯಸ್ಸು ಎಂಟರಿಂದ ಹನ್ನೆರಡು. ತಕ್ಕ ಸಾಧನಗಳು ಕೆರೆಯ ಮಣ್ಣು ಮತ್ತು ಒಂದೆರಡು ಕಥೆಗಳು.

ಕೈಯಿಂದ ಕಲಿಯುವ ಕ್ರಮ

ಮೀನಿನ ಮರಿಗೆ ಈಜು ಕಲಿಸಬೇಕೆ ಎಂಬ ಗಾದೆಯುಂಟು. ಮೀನಿಗೆ ಕಲಿಸಬೇಕಾಗಿಲ್ಲವೆಂಬುದು ದಿಟ. ಆದರೆ ಮೀನನ್ನು ಕುರಿತು ಮಕ್ಕಳಿಗೆ ಕಲಿಸಬೇಕು. ಪುಸ್ತಕದಲ್ಲಿರುವ ಚಿತ್ರವನ್ನು ತೋರಿಸಿ ಅಂಗಗಳ ಹೆಸರನ್ನು ಬಾಯಿಪಾಠ ಮಾಡಿಸಿದರೆ ಅದು ಪರೀಕ್ಷೆಯ ದಿನದವರೆಗೆ ನಿಲ್ಲುವುದು. ಕೈಯಿಂದ ಮಾಡಿದುದು ಆಯುಷ್ಯವಿರುವ ತನಕ ನಿಲ್ಲುವುದು. ಉತ್ಪಾದಕವಾದ ಕೈಕೆಲಸದ ಮೂಲಕ ವಿದ್ಯಾಭ್ಯಾಸ ನಡೆಯಬೇಕೆಂದು 1937ರಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಮಹಾತ್ಮ ಗಾಂಧಿಯವರು ಪ್ರತಿಪಾದಿಸಿದುದು ಹಿರಿಯರಲ್ಲಿ ಅನೇಕರಿಗೆ ತಿಳಿದಿರಬಹುದು.

ಮೀನಿನ ವಿಷಯದಲ್ಲಿಯೇ ಇದಕ್ಕೊಂದು ಪ್ರಸಿದ್ಧ ನಿದರ್ಶನವುಂಟು. ಅಮೆರಿಕದ ಹಾರ್ವರ್ಡ್ ವಿದ್ಯಾಪೀಠದಲ್ಲಿ ಲೂಯಿ ಅಗಾಸ್ಸಿ (1807–1873) ಎಂಬ ಮತ್ಸ್ಯಶಾಸ್ತ್ರಜ್ಞನಿದ್ದನು. ತನ್ನಲ್ಲಿ ಕಲಿಯಲು ಬಂದ ಸ್ಕಡರ್ ಎಂಬ ಯುವಕನಿಗೆ ಅವನು ಒಂದು ಮೀನನ್ನು ಕೊಟ್ಟು, ಇದನ್ನು ನೋಡುತ್ತಿರೆಂದು ಹೇಳಿ ಹೊರಟುಹೋದನು. ಹತ್ತು ನಿಮಿಷದಲ್ಲಿ ಎಲ್ಲವನ್ನೂ ನೋಡಿ ಮುಗಿಸಿದೆನೆಂದು ತಿಳಿದ ಶಿಷ್ಯನು, ಬೇಸರ ಕಳೆಯಲು ಮೀನಿನ ಚಿತ್ರವನ್ನು ಬರೆಯತೊಡಗಿದಾಗ, ತಾನು ಕಾಣದೆ ಬಿಟ್ಟಿದ್ದ ಅಂಶಗಳು ಒಂದೊಂದಾಗಿ ಕಾಣತೊಡಗಿದುವು. ಮೂರು ದಿನ ಅದೇ ಮೀನೇ ಅವನಿಗೆ ಪಾಠವಾಯಿತು. ಈ ವೃತ್ತಾಂತವನ್ನು ಆತನೇ 1874ರಲ್ಲಿ ಬರೆದು ಪ್ರಕಟಿಸಿದನು. ವಿದ್ವಾಂಸನಾಗಬೇಕಾದವನಿಗೆ ಹಿತವಾದ ಈ ಕ್ರಮವು ಹಳ್ಳಿಯ ಮಕ್ಕಳಿಗೂ ಹಿತವಾದುದೇ.

ಇದಕ್ಕೆ ಬೇಕಾದ ಸಾಮಗ್ರಿಗಳು ಹಣ ಕೊಟ್ಟು ತರತಕ್ಕವಲ್ಲ. ಒಂದು ಮಂಕರಿ ಜೇಡಿಮಣ್ಣು, ಮಾವಿನ ಅಥವಾ ಹಲಸಿನ ಎಲೆ, ತೆಂಗಿನ ಗರಿ, ಕೆಂಪು ನೂಲು, ಒಂದು ಅಗಲವಾದ ಪಾತ್ರೆ, ಮುಚ್ಚಳವಿರುವ ಸಣ್ಣ ಸೀಸೆ, ಕಾಗದ, ದೀಪದ ಮಸಿ. ಇವುಗಳ ಜೊತೆಗೆ ಬಲೆಯಿಂದ ಆಗ ತಾನೆ ತೆಗೆದ ಒಂದು ಮೀನು. ರೋಹು ಆದರೆ ಉತ್ತಮ.

ಮೈಕಟ್ಟು, ಹುರುಪೆ, ರೆಕ್ಕೆ

ಮೊದಲ ದಿನ ಮಕ್ಕಳು ನೀರಿನ ಪಾತ್ರೆಯಲ್ಲಿ ಕೈಯಿಟ್ಟು ಅಂಗೈಯನ್ನು ಅಡ್ಡಲಾಗಿ ಎಳೆಯಲಿ. ಬಳಿಕ ಕತ್ತಿಯಂತೆ ನೀಳವಾಗಿ ಹಿಡಿದು ಎಳೆಯಲಿ. ಮೊದಲನೆಯದಕ್ಕೆ ನೀರು ತಡೆಯೊಡ್ಡುವುದು. ಎರಡನೆಯದಕ್ಕೆ ದಾರಿ ಬಿಡುವುದು. ಮೀನಿನ ಮೈ ಮುಂದೆ ತುಂಬಿಕೊಂಡು ಹಿಂದೆ ಸಣ್ಣಗಾಗುತ್ತ ಹೋಗಿರುವುದೇಕೆಂಬುದು ಇದರಿಂದ ಬಾಯಿಮಾತಿಲ್ಲದೆ ತಿಳಿಯುವುದು. ಆಮೇಲೆ ಎದುರಿಗಿರುವ ಮೀನನ್ನು ನೋಡಿ ನೋಡಿ ಜೇಡಿಮಣ್ಣಿನಿಂದ ಅದರ ಆಕೃತಿಯನ್ನು ತಿದ್ದಲಿ. ಮೀನಿಗೆ ಕುತ್ತಿಗೆಯಿಲ್ಲ, ಕಣ್ಣಿಗೆ ರೆಪ್ಪೆಯಿಲ್ಲ ಎಂಬ ಎರಡು ಸಂಗತಿಗಳನ್ನು ಮಕ್ಕಳು ತಾವಾಗಿಯೇ ಕಂಡುಹಿಡಿಯುವರು.

ಎರಡನೆಯ ಕೆಲಸ ಹುರುಪೆ ಹೊದಿಸುವುದು. ಎಲೆಗಳನ್ನು ಕಾಸಿನಗಲ ಕತ್ತರಿಸಿ ಮಣ್ಣಿನ ಮೀನಿಗೆ ಒತ್ತಬೇಕು. ಇಲ್ಲಿ ಉಪಾಧ್ಯಾಯರು ಸುಮ್ಮನಿರುವುದು ಒಳ್ಳೆಯದು. ಬಹುಮಟ್ಟಿಗೆ ಮಕ್ಕಳು ತಲೆಯ ಕಡೆಯಿಂದ ಮೊದಲುಮಾಡುವರು. ಹಾಗೆ ಮಾಡಿದರೆ ಪ್ರತಿಯೊಂದು ಎಲೆಯ ಅಂಚೂ ಮುಂದಕ್ಕೆ ಎದ್ದು ನಿಲ್ಲುವುದು. ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದರೆ ಎಲೆಗಳು ಕಿತ್ತುಬರುವುವು. ಆಗ ಮನೆಗೆ ಹಂಚು ಹೊದಿಸುವುದನ್ನು ಜ್ಞಾಪಕಕ್ಕೆ ತರಬೇಕು. ಹಂಚನ್ನು ಸೂರಿನ ಅಂಚಿನಿಂದ ಆರಂಭಿಸಿ ಮೇಲಕ್ಕೆ ಹೊದಿಸಿದಲ್ಲದೆ ಮಳೆಯ ನೀರು ಜಾರಿಹೋಗದು. ಹಾಗೆಯೇ ಮೀನಿನ ಹುರುಪೆಯನ್ನು ಬಾಲದಿಂದ ತಲೆಯ ಕಡೆಗೆ ಒಂದರ ಮೇಲೊಂದು ಹೊದಿಸಬೇಕು. ಆಗ ಎದುರಿನಿಂದ ಬರುವ ನೀರು ಮೈಮೇಲೆ ಜಾರುವುದು. ಇದನ್ನು ಒಮ್ಮೆ ತಪ್ಪಾಗಿ ಮಾಡಿ ಆಮೇಲೆ ಸರಿಮಾಡಿದ ಮಗುವು ಎಂದಿಗೂ ಮರೆಯದು. ಗಿರ್ಲು ಮೊದಲಾದ ಮೀಸೆಯ ಮೀನುಗಳಿಗೆ ಹುರುಪೆಯೇ ಇಲ್ಲವೆಂಬುದನ್ನೂ, ಹುರುಪೆಯ ಮೇಲಿನ ಲೋಳೆಯು ರೋಗಕ್ಕೆ ಬೇಲಿಯಂತೆ ಇರುವುದರಿಂದ ಮರಿಮೀನನ್ನು ಒಣಗಿದ ಕೈಯಿಂದ ಉಜ್ಜಿ ಹಿಡಿಯಬಾರದೆಂಬುದನ್ನೂ ಇಲ್ಲಿಯೇ ತಿಳಿಸಬಹುದು.

ಮೂರನೆಯದು ಈಜುರೆಕ್ಕೆ. ತೆಂಗಿನ ಗರಿಯಿಂದ ರೆಕ್ಕೆಗಳನ್ನು ಕತ್ತರಿಸಿ ಸಿಕ್ಕಿಸುವಾಗ ರೋಹುವಿಗೆ ಎಷ್ಟು ರೆಕ್ಕೆಗಳೆಂದು ಎಣಿಸಬೇಕು. ಎದೆಯ ಬಳಿ ಒಂದು ಜೊತೆ, ಹೊಟ್ಟೆಯ ಬಳಿ ಒಂದು ಜೊತೆ, ಬೆನ್ನ ಮೇಲೊಂದು, ಕಿಬ್ಬೊಟ್ಟೆಯ ಹಿಂದೆ ಒಂದು, ಬಾಲದಲ್ಲೊಂದು, ಒಟ್ಟು ಏಳು. ದೋಣಿಯನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಬಾಲವೂ ಅದರ ಮುಂದಿನ ಮಾಂಸಖಂಡವೂ ಹುಟ್ಟಿನಂತೆ ಮುಂದಕ್ಕೆ ತಳ್ಳುವುವು. ಜೊತೆರೆಕ್ಕೆಗಳು ತಿರುಗಿಸಲೂ ನಿಲ್ಲಿಸಲೂ ಬರುವುವು. ಬೆನ್ನಿನದೂ ಕಿಬ್ಬೊಟ್ಟೆಯದೂ ಮೈ ಹೊರಳದಂತೆ ಹಿಡಿಯುವುವು.

ಕಿವಿರು ಎಂಬ ಸುಂಕದ ಕಟ್ಟೆ

ಅಂಗಗಳಲ್ಲೆಲ್ಲ ಊರಿಗೆ ಅತ್ಯಂತ ಉಪಯೋಗವಾದ ಪಾಠವು ಕಿವಿರಿನದು. ಮೀನಿನ ಕೆನ್ನೆಯ ಮುಚ್ಚಳವನ್ನು ಎತ್ತಿದರೆ ಒಳಗೆ ಕೆಂಪು ಬಾಚಣಿಗೆಯಂತಹ ಎಳೆಗಳು ಕಾಣುವುವು. ರೋಹು, ಕಾಟ್ಲ ಮುಂತಾದ ಗೆಂಡೆಗಳಲ್ಲಿ ಒಂದೊಂದು ಪಕ್ಕಕ್ಕೆ ನಾಲ್ಕು ಕಮಾನುಗಳಿದ್ದು, ಅವುಗಳ ಮೇಲೆ ಈ ಎಳೆಗಳು ಸಾಲಾಗಿ ನಿಂತಿರುವುವು. ಮಕ್ಕಳಿಗೆ ಇದನ್ನು ಸುಂಕದ ಕಟ್ಟೆಯ ಕಥೆಯಾಗಿ ಹೇಳಬಹುದು. ನೀರೆಂಬ ವ್ಯಾಪಾರಿಯು ಬಾಯಿಯೆಂಬ ಹೆಬ್ಬಾಗಿಲಿನಿಂದ ಒಳಗೆ ಬರುವನು. ಅವನ ಮೂಟೆಯಲ್ಲಿರುವುದು ಪ್ರಾಣವಾಯು. ಕಟ್ಟೆಯಲ್ಲಿ ಕೆಂಪು ರುಮಾಲಿನ ಕಾವಲುಗಾರರು ಸಾಲಾಗಿ ನಿಂತು ಸುಂಕವೆತ್ತಿಕೊಂಡು, ಮೈಯೊಳಗಿನ ಕಸವಾದ ಇಂಗಾಲಾಮ್ಲವನ್ನು ಅವನ ಮೂಟೆಗೆ ತುಂಬಿ, ಕೆನ್ನೆಯ ಬಾಗಿಲಿನಿಂದ ಹೊರಗೆ ಕಳುಹಿಸುವರು. ವ್ಯಾಪಾರಿಯು ಎಂದಿಗೂ ಬಂದ ಬಾಗಿಲಿನಿಂದಲೇ ಮರಳುವಂತಿಲ್ಲ.

ನೀರಿನಿಂದ ಹೊರಗೆ ತೆಗೆದ ಮೀನು ಸುತ್ತಲೂ ಗಾಳಿಯಿದ್ದರೂ ಸಾಯುವುದೇಕೆಂದು ಯಾವ ಮಗುವಾದರೂ ಕೇಳುವುದು. ಉತ್ತರವನ್ನು ಕೈಯಲ್ಲಿಯೇ ಕೊಡಬಹುದು. ಕೆಂಪು ನೂಲಿನ ಇಪ್ಪತ್ತು ಎಳೆಗಳನ್ನು ಒಂದು ಕಡ್ಡಿಗೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟರೆ ಎಳೆಗಳು ಬಿಡಿಬಿಡಿಯಾಗಿ ಹರಡುವುವು. ಮೇಲಕ್ಕೆತ್ತಿದೊಡನೆ ಎಲ್ಲವೂ ಒಂದಕ್ಕೊಂದು ಅಂಟಿ ಒಂದೇ ಹುರಿಯಾಗುವುವು. ಕಿವಿರಿನ ಗತಿಯೂ ಹೀಗೆಯೇ. ಗಾಳಿಯಲ್ಲಿ ಎಳೆಗಳು ಅಂಟಿಕೊಂಡು ಕಾವಲುಗಾರರೆಲ್ಲ ಒಬ್ಬರ ಮೇಲೊಬ್ಬರು ಬಿದ್ದಂತಾಗಿ ಸುಂಕವೆತ್ತುವವರೇ ಇಲ್ಲದಂತಾಗುವುದು.

ನೀರಿನ ಮೂಟೆಯೂ ಬಹು ಚಿಕ್ಕದೆಂಬುದನ್ನು ಹಿರಿಯರು ಗಮನಿಸಬೇಕು. ನಮ್ಮ ಸೀಮೆಯ ಉಷ್ಣದಲ್ಲಿ ಒಂದು ಲೀಟರ್ ತಿಳಿನೀರು ಸುಮಾರು 8 ಮಿಲಿಗ್ರಾಂ ಪ್ರಾಣವಾಯುವನ್ನು ಮಾತ್ರ ಹಿಡಿದುಕೊಳ್ಳಬಲ್ಲದು. ನೀರು ಕಾದಷ್ಟೂ ಅದು ಕಡಿಮೆಯಾಗುವುದು. ಗೆಂಡೆ ಮೀನುಗಳು ಚೆನ್ನಾಗಿ ಬೆಳೆಯಲು 5 ಮಿಲಿಗ್ರಾಮಿಗೆ ಕಡಿಮೆಯಿಲ್ಲದೆ ಬೇಕು. 3ಕ್ಕಿಂತ ಇಳಿದರೆ ಸಂಕಟ. ಹಗಲಿನಲ್ಲಿ ನೀರಿನ ಹಸುರು ಪಾಚಿಯು ಬಿಸಿಲಿನ ಬಲದಿಂದ ಪ್ರಾಣವಾಯುವನ್ನು ಬಿಡುವುದು. ರಾತ್ರಿಯಲ್ಲಿ ಅದೇ ಪಾಚಿಯು ಮೀನಿನೊಡನೆ ಪಾಲಿಗೆ ನಿಂತು ಅದನ್ನು ಬಳಸುವುದು. ಆದಕಾರಣ ಕೊರತೆಯು ಮುಂಜಾನೆಯಲ್ಲಿಯೇ ಅತ್ಯಧಿಕ. ಮೋಡದ ದಿನಗಳ ನಂತರ ಇನ್ನೂ ಅಧಿಕ. ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ ಅದು ಆಟವಲ್ಲ, ಅಪಾಯದ ಕರೆ. ಶಾಲೆಗೆ ಹೋಗುವ ದಾರಿಯಲ್ಲಿ ಇದನ್ನು ಕಂಡು ಮನೆಯಲ್ಲಿ ಹೇಳಬಲ್ಲ ಮಗುವು ಕೆರೆಗೆ ಕೂಲಿಯಿಲ್ಲದ ಕಾವಲುಗಾರನು.

ಕೊರವ ಅಥವಾ ಕುಚ್ಚುಮೀನು, ಚೇಳುಮೀನು ಇವುಗಳಿಗೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಬೇರೆ ಅಂಗವುಂಟು. ಅದರಿಂದಲೇ ಅವು ಕೆಸರಿನಲ್ಲಿಯೂ ಬದುಕುವುವು. ಕೊರವವನ್ನು ಮೇಲಕ್ಕೆ ಬರಲು ಬಿಡದೆ ನೀರಿನೊಳಗೇ ತಡೆದು ಹಿಡಿದರೆ ಅದು ಉಸಿರುಕಟ್ಟಿ ಸಾಯುವುದು. ನೀರಿನಲ್ಲಿ ಮುಳುಗಿ ಸಾಯುವ ಮೀನೂ ಉಂಟೆಂದರೆ ಮಕ್ಕಳು ಕಣ್ಣರಳಿಸಿ ಕೇಳುವರು.

ಮೂವರು ಅಣ್ಣತಮ್ಮಂದಿರ ಭಾಗ

ಬಾಯಿಯ ಪಾಠಕ್ಕೆ ಈ ಕಥೆಯನ್ನು ಹೇಳಬಹುದು.

ಒಂದಾನೊಂದು ಕೆರೆಯಲ್ಲಿ ಕಾಟ್ಲ, ರೋಹು, ಮೃಗಾಲ್ ಎಂಬ ಮೂವರು ಅಣ್ಣತಮ್ಮಂದಿರಿದ್ದರು. ತಂದೆ ತೀರಿಕೊಂಡ ಮೇಲೆ ಕೆರೆಯನ್ನು ಭಾಗಮಾಡಿಕೊಳ್ಳುವ ಮಾತು ಬಂದಿತು. ಏಡಿಯನ್ನು ಮಧ್ಯಸ್ಥನನ್ನಾಗಿ ಕರೆದರು. ಏಡಿಯು ಅಡ್ಡಡ್ಡವಾಗಿ ನಡೆದು ಅಳೆದು, ಗೂಟ ಹೊಡೆದು, ಏರಿಯ ಕಡೆಯ ಪಾಲನ್ನು ಹಿರಿಯನಿಗೂ ನಡುವಣದನ್ನು ನಡುವಿನವನಿಗೂ ಹಿನ್ನೀರಿನದನ್ನು ಕಿರಿಯನಿಗೂ ಕೊಟ್ಟಿತು. ಅಳತೆಯಲ್ಲಿ ಒಂದು ಗೇಣೂ ಹೆಚ್ಚುಕಡಿಮೆಯಿರಲಿಲ್ಲ. ಆದರೂ ಎರಡು ತಿಂಗಳಲ್ಲಿ ಮೂವರೂ ಬಡಕಲಾದರು. ಒಬ್ಬನು ಇನ್ನೊಬ್ಬನ ಪಾಲಿನಲ್ಲಿ ಮೇವು ಹೆಚ್ಚೆಂದು ದೂರಿದನು. ಗೂಟ ಕೀಳುವುದೂ ನೆಡುವುದೂ ನಡೆಯಿತು.

ಆಗ ತೂಬಿನ ಬುಡದಲ್ಲಿದ್ದ ಮುದಿ ಆಮೆಯು ಹೊರಗೆ ಬಂದು, “ಮಕ್ಕಳಿರಾ, ಏಡಿಯಣ್ಣನು ನೆಲವನ್ನು ಅಳೆದನು, ನಿಮ್ಮ ಬಾಯಿಯನ್ನು ಅಳೆಯಲಿಲ್ಲ. ದೊಡ್ಡಪ್ಪಾ, ನಿನ್ನ ಬಾಯಿ ಮೇಲ್ಮುಖ; ಮೇಲ್ನೀರಿನಲ್ಲಿ ತೇಲುವ ಸಣ್ಣ ಜೀವಿಗಳೇ ನಿನ್ನ ಊಟ. ನಡುವಿನವನೇ, ನಿನ್ನ ತುಟಿಗೆ ಜಾಲರಿಯ ಅಂಚು. ನಡುನೀರಿನ ಪಾಚಿ, ಕೊಳೆತ ಸೊಪ್ಪು ನಿನಗೆ ಸಾಕು. ಚಿಕ್ಕವನೇ, ನಿನ್ನ ಬಾಯಿ ಕೆಳಮುಖ. ತಳದ ಕೆಸರೇ ನಿನ್ನ ಹೊಲ. ಗೂಟಗಳನ್ನು ಕಿತ್ತುಹಾಕಿರಿ. ಇಡೀ ಕೆರೆಯ ಮೇಲಂತಸ್ತು ಒಬ್ಬನಿಗೆ, ನಡುವಂತಸ್ತು ಒಬ್ಬನಿಗೆ, ಕೆಳ ಅಂತಸ್ತು ಒಬ್ಬನಿಗೆ” ಎಂದಿತು. ಅಂದಿನಿಂದ ಮೂವರೂ ಒಂದೇ ಕೆರೆಯಲ್ಲಿ ಗೂಟವಿಲ್ಲದೆ ಬಾಳಿದರು.

ಕಥೆ ಮುಗಿದ ಮೇಲೆ ಮಕ್ಕಳು ಮಣ್ಣಿನಿಂದ ಮೂರು ತಲೆಗಳನ್ನು ಮಾಡಿ ಮೂರು ಬಗೆಯ ಬಾಯಿಗಳನ್ನು ತಿದ್ದಲಿ. ಕೆರೆಗೆ ಒಂದೇ ಜಾತಿಯ ಮರಿಯನ್ನು ಬಿಡದೆ ಹಲವು ಜಾತಿಗಳನ್ನು ಬೆರೆಸಿ ಬಿಡುವ ಮಿಶ್ರಸಾಕಣೆಯ ತಿರುಳು ಈ ಕಥೆಯೇ ಆಗಿರುವುದು. 1959ರಲ್ಲಿ ಹೊರದೇಶದಿಂದ ಬಂದ ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳು ಅನಂತರ ಈ ಸಂಸಾರಕ್ಕೆ ಸೇರಿದುವು. ಹುಲ್ಲುಗೆಂಡೆಯು ಅಂಚಿನ ಜೊಂಡು ಕಳೆಗಳನ್ನು ಮೇಯುವ ನೆಂಟನು. ಇವಾರಿಗೂ ದವಡೆಯಲ್ಲಿ ಹಲ್ಲಿಲ್ಲ; ಗಂಟಲಿನಲ್ಲಿ ಹಲ್ಲುಂಟು. ಕೊರವಕ್ಕಾದರೋ ದವಡೆಯಲ್ಲಿಯೇ ಚೂಪಾದ ಹಲ್ಲುಂಟು. ಅದು ಮರಿಗಳನ್ನು ನುಂಗುವುದು. ಬಾಯಿ ನೋಡಿ ಗುಣ ತಿಳಿಯುವ ವಿದ್ಯೆಯು ಮರಿ ಬಿಡುವ ಮೊದಲು ಕೆರೆಯನ್ನು ಶೋಧಿಸುವವರಿಗೆ ಬಹು ಅಗತ್ಯವು.

ಗಾಳಿಚೀಲ ಮತ್ತು ಪಕ್ಕದ ಗೆರೆ

ಬಾವಿಯಲ್ಲಿ ಈಜು ಕಲಿಯುವವರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದುದನ್ನು ಹಿರಿಯರೆಲ್ಲ ಬಲ್ಲರು. ಮೀನಿನ ಸೋರೆಬುರುಡೆಯು ಅದರ ಹೊಟ್ಟೆಯೊಳಗೆ ಬೆನ್ನೆಲುಬಿನ ಕೆಳಗಿರುವುದು. ಗೆಂಡೆಗಳಲ್ಲಿ ಅದು ನಡು ಬಿಗಿದ ಎರಡು ಅರೆಯ ಬಿಳಿಯ ಚೀಲ. ಇದರ ಕೆಲಸವು ತೇಲಿಸುವುದಲ್ಲ, ಬೇಕಾದ ಆಳದಲ್ಲಿ ಆಯಾಸವಿಲ್ಲದೆ ನಿಲ್ಲಿಸುವುದು. ಮುಚ್ಚಳದ ಸೀಸೆಗೆ ಸ್ವಲ್ಪ ಸ್ವಲ್ಪವಾಗಿ ಮರಳನ್ನು ಹಾಕುತ್ತ, ಮುಚ್ಚಿ ನೀರಿಗೆ ಬಿಟ್ಟು ನೋಡುತ್ತಿದ್ದರೆ, ಅದು ತೇಲದೆಯೂ ಮುಳುಗದೆಯೂ ನಡುನೀರಿನಲ್ಲಿ ತೂಗುವ ಒಂದು ಹದ ಸಿಕ್ಕುವುದು. ಆ ಹದವನ್ನು ಹುಡುಕುವ ಆಟದಲ್ಲಿ ಮಕ್ಕಳು ಮಧ್ಯಾಹ್ನವನ್ನೆಲ್ಲ ಕಳೆಯುವರು.

ಮೀನಿನ ಪಕ್ಕದಲ್ಲಿ ಕೆನ್ನೆಯಿಂದ ಬಾಲದವರೆಗೆ ಸಣ್ಣ ರಂಧ್ರಗಳ ಗೆರೆಯೊಂದು ಓಡಿರುವುದು. ನೀರಿನ ಅಲುಗಾಟವನ್ನು ಮೀನು ಇದರಿಂದ ತಿಳಿಯುವುದು. ಕಣ್ಣು ಮುಚ್ಚಿದ ಮಗುವಿನ ಕೈಯನ್ನು ಪಾತ್ರೆಯ ನೀರಿನಲ್ಲಿರಿಸಿ, ಇನ್ನೊಂದು ತುದಿಯಲ್ಲಿ ಬೆರಳಾಡಿಸಿದರೆ ಅಲೆಯು ಚರ್ಮಕ್ಕೆ ತಿಳಿಯುವುದು. ಈ ಗೆರೆಯನ್ನು ಚೆನ್ನಾಗಿ ಕಾಣಲು ಜಪಾನಿನವರು 19ನೆಯ ಶತಮಾನದಿಂದ ಬಳಸುತ್ತ ಬಂದಿರುವ ಅಚ್ಚಿನ ಕ್ರಮವು ಅನುಕೂಲವಾದುದು. ಅಲ್ಲಿಯ ಬೆಸ್ತರು ತಾವು ಹಿಡಿದ ಮೀನಿನ ಅಳತೆಗೆ ಸಾಕ್ಷಿಯಾಗಿ, ಮೀನಿನ ಮೈಗೆ ಮಸಿ ಬಳಿದು ಕಾಗದವನ್ನೊತ್ತಿ ಅಚ್ಚು ತೆಗೆದಿಡುತ್ತಿದ್ದರು. ನಮ್ಮ ಮಕ್ಕಳೂ ಮೀನನ್ನು ಒರಸಿ, ದೀಪದ ಮಸಿಯನ್ನು ಗಂಜಿಯಲ್ಲಿ ಕಲಸಿ ತೆಳುವಾಗಿ ಬಳಿದು, ಕಾಗದವನ್ನು ಮೆಲ್ಲನೆ ಒತ್ತಿದರೆ ಹುರುಪೆ, ರೆಕ್ಕೆಯ ಕಡ್ಡಿ, ಪಕ್ಕದ ಗೆರೆ ಎಲ್ಲವೂ ಮೂಡುವುವು. ಹೆಸರುಗಳನ್ನು ಅದರ ಮೇಲೆಯೇ ಬರೆಯಿಸಬಹುದು. ಆ ಮೀನನ್ನು ಅಡಿಗೆಗೆ ಉಪಯೋಗಿಸದೆ ತೆಂಗಿನ ಬುಡದಲ್ಲಿ ಹೂಳತಕ್ಕದ್ದು.

ಹಳೆಯ ಕಥೆಗಳಲ್ಲಿರುವ ಅರ್ಥ

ಮೀನಿನ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಶತಪಥಬ್ರಾಹ್ಮಣದಲ್ಲಿ ಬರುವ ಮನುವಿನ ಕಥೆಯನ್ನು ತೆಗೆದುಕೊಳ್ಳಬಹುದು. ಕೈತೊಳೆಯುವ ನೀರಿನಲ್ಲಿ ಸಿಕ್ಕಿದ ಮರಿಮೀನು ಮನುವಿಗೆ ಹೇಳಿದುದಿಷ್ಟು: ಚಿಕ್ಕವರಾಗಿರುವಾಗ ನಮ್ಮನ್ನು ದೊಡ್ಡ ಮೀನುಗಳೇ ನುಂಗುವುವು; ಆದುದರಿಂದ ಮೊದಲು ಗಡಿಗೆಯಲ್ಲಿ ಸಾಕು, ಬೆಳೆದಾಗ ಗುಂಡಿ ತೋಡಿ ಬಿಡು, ಅದನ್ನೂ ಮೀರಿದಾಗ ಸಮುದ್ರಕ್ಕೆ ಒಯ್ಯಿ. ಇಂದಿನ ಮೀನುಮರಿ ಕೇಂದ್ರಗಳ ಕ್ರಮವೂ ಇದೇ. ಮೊಟ್ಟೆಯೊಡೆದ ಮರಿಯನ್ನು ಶತ್ರುಗಳಿಲ್ಲದ ಚಿಕ್ಕ ಕೊಳದಲ್ಲಿ ಎರಡು ಮೂರು ವಾರ ಸಾಕಿ, ಅದಕ್ಕಿಂತ ದೊಡ್ಡ ಕೊಳದಲ್ಲಿ ಬೆರಳುದ್ದಕ್ಕೆ ಬೆಳೆಸಿ, ಆಮೇಲೆ ಕೆರೆಗೆ ಬಿಡುವರು. ಕೂದಲೆಳೆಯಂತಹ ಮರಿಯನ್ನು ನೇರವಾಗಿ ದೊಡ್ಡ ಕೆರೆಗೆ ಸುರಿದರೆ ಬಹುಭಾಗವು ಕೊರವದ ಹೊಟ್ಟೆ ಸೇರುವುದು.

ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದ್ದು, ಅದರಲ್ಲಿ ಮೀನುಗಳ ಭೇದಗಳೂ ಅವುಗಳಿಗೆ ಪ್ರಿಯವಾದ ಆಹಾರಗಳೂ ವಿವರಿಸಲ್ಪಟ್ಟಿರುವುವು. ಮೀನನ್ನು ಕಣ್ಣಿಟ್ಟು ನೋಡುವುದು ಕೀಳು ಕೆಲಸವೆಂದು ಕನ್ನಡನಾಡಿನ ಅರಸನು ಎಣಿಸಲಿಲ್ಲವೆಂಬುದನ್ನು ಮಕ್ಕಳು ತಿಳಿಯುವುದು ಒಳ್ಳೆಯದು.

ಇನ್ನೊಂದು ಕಥೆಯು ಈಚಿನದು, ಅಕ್ಷರಶಃ ನಡೆದುದು. ಕಾಟ್ಲ, ರೋಹುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡವು. ಅವಕ್ಕೆ ನದಿಯ ಹೊಸ ನೆರೆ ಬೇಕು. ಹಿಂದೆ ಮರಿಗಳನ್ನು ಹೊಳೆಗಳಲ್ಲಿ ಹಿಡಿದು ದೂರದೂರಕ್ಕೆ ಸಾಗಿಸುತ್ತಿದ್ದರು. ಅವುಗಳ ಜೊತೆಗೆ ಬೇಡವಾದ ಜಾತಿಗಳೂ ಬರುತ್ತಿದ್ದುವು. ಮೀನಿನ ತಲೆಬುರುಡೆಯೊಳಗೆ ಮಿದುಳಿನ ಅಡಿಯಲ್ಲಿ ಪಿಟ್ಯುಟರಿ ಎಂಬ ಸಣ್ಣ ಕಾಳಿನಷ್ಟು ಗ್ರಂಥಿಯುಂಟು. ಅದರ ರಸವನ್ನು ತಾಯಿಮೀನಿಗೆ ಚುಚ್ಚಿ, 1957ನೆಯ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಗೆಂಡೆಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಇಂದು ಊರೂರಿನ ಕೆರೆಗೆ ಮರಿ ದೊರೆಯುತ್ತಿರುವುದು ಆ ಶೋಧನೆಯ ಫಲ. ಆ ದಿನವನ್ನು ಮೀನು ಕೃಷಿಕರ ದಿನವೆಂದು ದೇಶದಲ್ಲಿ ಆಚರಿಸುವರು. ಒಂದು ಸಣ್ಣ ಅಂಗವನ್ನು ಸರಿಯಾಗಿ ತಿಳಿದುದರಿಂದ ಎಷ್ಟು ಮನೆಗಳಿಗೆ ಅನ್ನವಾಯಿತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಾಗಿಲ್ಲ.

ಸತ್ತ ಮೀನಿನ ಸಾಕ್ಷಿ

ಇಷ್ಟನ್ನು ಕಲಿತ ಮಕ್ಕಳಿಗೂ ಕಲಿಸಿದ ಹಿರಿಯರಿಗೂ ಮೊದಲು ಹೇಳಿದ ಆ ಕೆಟ್ಟ ಮುಂಜಾನೆಯಲ್ಲಿ ಏನು ಕಂಡೀತು? ಮೀನುಗಳು ಬೆಳಗಿನ ಜಾವದಲ್ಲಿ ಸತ್ತಿದ್ದು, ದೊಡ್ಡವೇ ಮೊದಲು ಸತ್ತು ಚಿಕ್ಕವು ಉಳಿದಿದ್ದರೆ, ಸತ್ತವುಗಳ ಬಾಯಿಯೂ ಕಿವಿರ ಮುಚ್ಚಳವೂ ತೆರೆದಿದ್ದರೆ, ಬದುಕಿರುವುವು ಮೇಲೆ ಬಂದು ಬಾಯಿಬಿಡುತ್ತಿದ್ದರೆ, ಕೊರವ ಚೇಳುಮೀನುಗಳಿಗೆ ಏನೂ ಆಗದಿದ್ದರೆ, ಪ್ರಾಣವಾಯುವಿನ ಕೊರತೆಯೆಂದು ಊಹಿಸಲು ಕಾರಣವುಂಟು. ಹೊತ್ತಲ್ಲದ ಹೊತ್ತಿನಲ್ಲಿ, ಚಿಕ್ಕದು ದೊಡ್ಡದೆನ್ನದೆ, ಗಾಳಿ ಕುಡಿಯುವ ಮೀನುಗಳೂ ಕಪ್ಪೆಗಳೂ ನೀರಿನ ಹುಳುಗಳೂ ಒಟ್ಟಿಗೆ ಸತ್ತಿದ್ದರೆ ವಿಷದ ಸಂಶಯಕ್ಕೆ ಎಡೆಯುಂಟು. ಪೈರಿಥ್ರಾಯ್ಡ್ ವರ್ಗದ ಕೀಟನಾಶಕಗಳು ಮೀನಿಗೆ ಅತಿ ಘಾತುಕವಾದವು. ಸಿಂಪಡಿಸಿದ ಯಂತ್ರವನ್ನು ಕೆರೆಯಲ್ಲಿ ತೊಳೆದುದೇ ಕಾರಣವಾಗಿದ್ದೀತು. ಇವು ಗುರುತುಗಳೇ ಹೊರತು ತೀರ್ಪಲ್ಲ. ತೀರ್ಪಿಗೆ ನೀರನ್ನೂ ಮೀನನ್ನೂ ಪರೀಕ್ಷಿಸಬೇಕು. ಆದಕಾರಣ ತಡಮಾಡದೆ ಮೀನುಗಾರಿಕೆ ಇಲಾಖೆಯವರಿಗೆ ತಿಳಿಸಿ, ಅಲ್ಲಿಯವರೆಗೆ ಸತ್ತ ಮೀನನ್ನು ಯಾರೂ ತಿನ್ನದಂತೆಯೂ, ಯಾರ ಮೇಲೆಯೂ ದೂರು ಹೊರಿಸದಂತೆಯೂ ನೋಡಿಕೊಳ್ಳುವುದು ಹಿರಿಯರ ಧರ್ಮವು. ಕೊರತೆಯೆಂದು ಕಂಡುಬಂದರೆ ಹೊಸನೀರನ್ನು ಬಿಡುವುದು, ಪಂಪಿನಿಂದ ನೀರನ್ನೆತ್ತಿ ಮೇಲಿನಿಂದ ಚಿಮುಕಿಸುವುದು, ಗೊಬ್ಬರ ಹಾಕುವುದನ್ನು ನಿಲ್ಲಿಸುವುದು ಇವೇ ತಕ್ಷಣದ ಉಪಾಯಗಳು.

ಊರ ಹಿರಿಯ ಜವಾಬ್ದಾರರು ಮಾಡತಕ್ಕುದು

ಈ ಪಾಠಕ್ಕೆ ವಾರಕ್ಕೆರಡು ಗಂಟೆಯಂತೆ ನಾಲ್ಕು ವಾರ ಸಾಕು. ಉಪಾಧ್ಯಾಯರೊಬ್ಬರಿಗೇ ಈ ಭಾರವನ್ನು ಬಿಡದೆ ಊರಿನವರು ಈ ಕೆಳಗಿನ ಏರ್ಪಾಡುಗಳನ್ನು ಮಾಡಿಕೊಡಬೇಕು.

1. ಬಲೆ ಎಳೆಯುವ ದಿನ ಒಂದು ಮೀನನ್ನು ಶಾಲೆಗೆ ಕೊಡಿಸಬೇಕು. ಜೀವವಿರುವ ಮೀನನ್ನು ಮಕ್ಕಳ ಕೈಯಲ್ಲಿ ಕೊಯ್ಯಿಸಬಾರದು. ಸತ್ತ ಮೀನನ್ನು ತೆರೆದು ತೋರಿಸುವುದಾದರೆ ಉಪಾಧ್ಯಾಯರೇ ತೋರಿಸಬೇಕು. ಮೀನನ್ನು ಮುಟ್ಟದ ಮನೆತನದ ಮಕ್ಕಳನ್ನು ಬಲಾತ್ಕರಿಸಬಾರದು. ಮಣ್ಣು, ಎಲೆ, ಕಥೆಗಳಿಂದ ಅವರೂ ಸಮಾನವಾಗಿ ಕಲಿಯುವರು.

2. ಊರಿನ ಬೆಸ್ತರಲ್ಲಿ ಅನುಭವಸ್ಥರಾದ ಹಿರಿಯರೊಬ್ಬರನ್ನು ಗೌರವದಿಂದ ಶಾಲೆಗೆ ಕರೆಸಿ ಮಾತನಾಡಿಸಬೇಕು. ಮೀನುಗಳ ಸ್ಥಳೀಯ ಹೆಸರುಗಳೂ ಗುಣಗಳೂ ಅವರ ಬಾಯಲ್ಲಿರುವಷ್ಟು ಪುಸ್ತಕದಲ್ಲಿ ಇಲ್ಲ.

3. ಮಳೆಗಾಲದಲ್ಲಿ ಕೆರೆಗೆ ಮರಿ ಬಿಡುವ ದಿನ ಮಕ್ಕಳನ್ನು ದೊಡ್ಡವರ ಮೇಲ್ವಿಚಾರಣೆಯಲ್ಲಿ ಕರೆದುಕೊಂಡು ಹೋಗಬೇಕು. ಮರಿಯ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ಕೆರೆಯ ನೀರಿನ ಮೇಲೆ ತೇಲಬಿಟ್ಟು, ಎರಡು ನೀರಿನ ಬಿಸಿಯೂ ಒಂದಾದ ಮೇಲೆ ಬಾಯಿ ಬಿಚ್ಚುವುದನ್ನು ಅವರು ನೋಡಬೇಕು.

4. ಕೆರೆಯ ಗುತ್ತಿಗೆ ಕೊಡುವಾಗ ಮರಿಗಳನ್ನು ಬಾಚುವ ಸಣ್ಣಕಣ್ಣಿನ ಬಲೆಯನ್ನು ಬಳಸಕೂಡದೆಂಬ ಷರತ್ತನ್ನು ಬರೆಯಿಸಬೇಕು. ರೋಹುವಿಗೆ ಪ್ರಾಯ ಬರಲು ಎರಡು ವರ್ಷಗಳಾದರೂ ಬೇಕು. ಅಂಗೈಯುದ್ದದ ಮೀನನ್ನು ಹಿಡಿಯುವುದು ಹಾಲುತೆನೆಯನ್ನು ಕೊಯ್ದಂತೆ.

5. ಮಕ್ಕಳು ಮಾಡಿದ ಮಣ್ಣಿನ ಮೀನುಗಳನ್ನೂ ಅಚ್ಚಿನ ಚಿತ್ರಗಳನ್ನೂ ಪಂಚಾಯಿತಿಯ ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇರಿಸಬೇಕು. ಗುತ್ತಿಗೆಯ ಮಾತುಕತೆಗೆ ಕುಳಿತವರು ಅವನ್ನು ನೋಡಿ ಮಾತನಾಡಲಿ.

ಏರಿಯನ್ನು ಕಟ್ಟಿದ ಪೂರ್ವಿಕರು ನೀರನ್ನು ಬಲ್ಲವರಾಗಿದ್ದರು. ಆದುದರಿಂದಲೇ ನೂರಾರು ವರ್ಷಗಳಾದರೂ ಅನೇಕ ಏರಿಗಳು ನಿಂತಿರುವುವು. ಆ ನೀರಿನೊಳಗಿನ ಜೀವವನ್ನು ಬಲ್ಲವರನ್ನು ಸಿದ್ಧಪಡಿಸುವ ಕೆಲಸವು ಈಗಿನವರ ಪಾಲಿಗೆ ಬಂದಿದೆ. ಅದಕ್ಕೆ ಬೇಕಾದ ವೆಚ್ಚವು ಒಂದು ಮೀನು, ಒಂದು ಮಂಕರಿ ಮಣ್ಣು, ನಾಲ್ಕು ವಾರದ ಎಂಟು ಗಂಟೆಗಳು. ಮುಂಬರುವ ಮಳೆಗಾಲದಲ್ಲಿ ಕೆರೆ ತುಂಬಿ ಮರಿ ಬಿಡುವುದಕ್ಕೆ ಮುಂಚಿತವಾಗಿ ತಂತಮ್ಮ ಊರಿನ ಶಾಲೆಯಲ್ಲಿ ಈ ಏರ್ಪಾಡನ್ನು ನಡೆಸುವರೆಂದು ಗ್ರಾಮದ ಮುಖಂಡರಿಂದಲೂ ಜಮೀನುದಾರರಿಂದಲೂ ನಿರೀಕ್ಷಿಸಲಾಗಿದೆ.